ಅವರೇ ತೋರಿಸುವ ಊರುಗಳು

೧೦ ಅಕ್ಟೋಬರ್ ೨೦೨೫, ಶುಕ್ರವಾರ, ಶಹಾಪುರ

ದಸರೆ ಮುಗಿದಾಗಿನಿಂದ ಒಂದೇ ಯೋಚನೆ. ಮುಂದಿನ ತಿಂಗಳು ಗೆಳತಿ ಮಲ್ಲೇಶ್ವರಿಯ ಮದುವೆ. ಅದಕ್ಕೂ ಮೊದಲು ನಾವಿಬ್ಬರೇ ಎರಡು ದಿನ ಎಲ್ಲಾದರೂ ಹೋಗಿಬರಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆ. ರಾತ್ರಿ ಬಾಗಲಕೋಟೆಯ ನನ್ನ ಸೋದರತ್ತೆಯ ಮನೆಯಲ್ಲಿ ಮಲಗಿದರೆ ಬಾದಾಮಿಗೆ ಊಟದ ಖರ್ಚಷ್ಟೇ.

ಇವತ್ತು ಅವಳ ಮನೆಗೆ ಹೋಗಿ ಹೇಳಿದೆ. ಅವಳು ಕೂಡಲೇ ಸುರಪುರದ ವರನಿಗೆ ಫೋನ್ ಹಚ್ಚಿದಳು.

"ಬಾದಾಮಿ ಮದುವ್ಯಾದ ಮ್ಯಾಲೆ ಅವ್ರೇ ತೋರಸ್ತಾರಂತ. ಈಗ ನೋಡಬ್ಯಾಡ ಅಂದ್ರು."

"ಮತ್ತ ವಿಜಯಪುರ?"

"ಅದೂ ಅವ್ರೇ ತೋರಸ್ತಾರಂತ."

"ಹಂಪಿ?"

ಫೋನ್ ಕಿವಿಯಲ್ಲೇ ಇತ್ತು. ಇಲ್ಲವೆಂದು ತಲೆಯಾಡಿಸಿದಳು.

"ನಮಗೇನು ಉಳೀತು ಮತ್ತ? ನಮ್ಮೂರ ಬುದ್ಧನ ಗುಡ್ಡ?"

"ಅದು ನಿಮ್ಮ ಮಾಳಗಿ ಮ್ಯಾಲೆ ನಿಂತ್ರ ಕಾಣ್ತದಲ್ಲ!" ಎಂದು ನಕ್ಕಳು.

ನಾನೂ ನಕ್ಕೆ. "ಹೋಗ್ಲಿ ಬಿಡು, ನನಗೂ ಆಗೂದಿಲ್ಲ" ಅಂದೆ. ಹಾಗಲ್ಲ, ಹೋಗೋಣ ಎಂದು ಅವಳು ಹಟ ಹಿಡಿಯಲಿ ಅಂತಲೇ ಹಾಗಂದದ್ದು. ಅವಳ ಮುಖ ಹಗುರಾಯಿತು. "ನೀನೇ ಅಂದಿ, ಛಲೋ ಆತು" ಎಂದು ನನ್ನ ಕೈ ಹಿಡಿದಳು.

ಅವನ ಮೇಲೆ ಸಿಟ್ಟಿಲ್ಲ. ಆ ಹಗುರಾದ ಮುಖ ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ಇಷ್ಟು ದಿನ ಇಬ್ಬರೂ ಹೊರಟಿದ್ದೇವೆ ಅಂದುಕೊಂಡಿದ್ದೆ. ಹೊರಟಿದ್ದವಳು ನಾನೊಬ್ಬಳೇ.