ಕೊನೆಯ ಹೆಸರಿಗೆ ಎರಡು

ಬಿಳಿಗೆರೆ,
ಡಿಸೆಂಬರ್ 2003, ಮಂಗಳವಾರ

ಪವಿತ್ರನ ಅಪ್ಪನವರಿಗೆ ನಿಮ್ಮ ಮಂಗಳ ಮಾಡುವ ನಮಸ್ಕಾರ.

ಜಮ್ಮುವಿನ ಚಳಿಗೆ ನಿಮ್ಮ ಹಿಮ್ಮಡಿ ಒಡೆದಿತ್ತಲ್ಲ, ವಾಸಿಯಾಯಿತೇ? ಬೂಟು ಬಿಚ್ಚಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಸೋಮಾರಿತನ ಮಾಡಬೇಡಿ. ಪವಿತ್ರ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ವಿಧಾನ ಪರಿಷತ್ತಿನ ಚುನಾವಣೆ ಬಂದಿತ್ತು. ಇದಕ್ಕೆ ಊರಿನವರೆಲ್ಲ ಓಟು ಹಾಕುವಂತಿಲ್ಲ, ನನ್ನಂಥ ಪಂಚಾಯ್ತಿ ಮೆಂಬರುಗಳೇ ಹಾಕಬೇಕು. ಹಾಗಾಗಿ ಒಂದೊಂದು ಓಟಿಗೂ ಬಂಗಾರದ ಬೆಲೆ. ನಿಮ್ಮಣ್ಣ ಪುಟ್ಟಬಸವಯ್ಯ ಭಾವನವರು ನಮ್ಮ ಪಂಚಾಯ್ತಿಯ ಓಟೆಲ್ಲ ತಮ್ಮ ಕ್ಯಾಂಡಿಡೇಟಿಗೇ ಎಂದು ಮಾತು ಕೊಟ್ಟುಬಿಟ್ಟಿದ್ದರು. ಆ ಮಹಾರಾಯ ಮನೆಗೂ ಬಂದಿದ್ದ. ಕೈ ಮುಗಿದದ್ದು ಭಾವನವರಿಗೆ, ನನ್ನ ಕಡೆ ತಿರುಗಿದ್ದು ಕಾಫಿ ಲೋಟ ವಾಪಸ್ ಕೊಡುವಾಗ. ಎದುರಾಳಿ ಚೆಲುವಯ್ಯ ಮೇಷ್ಟ್ರು ಮಾತ್ರ ಮೆಂಬರಮ್ಮ ಯಾರು ಎಂದು ಕೇಳಿಕೊಂಡು ಬಂದು, ಜಗಲಿಯ ಮೇಲೆ ಕೂತು, ಪರಿಷತ್ತಿನಲ್ಲಿ ನಿಮ್ಮೂರಿನ ಪರವಾಗಿ ಏನು ಕೇಳಲಿ ಅಂದರು. ಕೆಳಮನೆಯವರು ಪಾಸು ಮಾಡಿ ಕಳಿಸಿದ್ದನ್ನು ಮೇಲ್ಮನೆಯವರು ಇನ್ನೊಮ್ಮೆ ನೋಡುತ್ತಾರಂತೆ, ಒಬ್ಬರು ಕೇರಿದ ಅಕ್ಕಿಯನ್ನು ಇನ್ನೊಬ್ಬರು ಮೊರಕ್ಕೆ ಹಾಕಿಕೊಂಡ ಹಾಗೆ. ಹೈಸ್ಕೂಲು ಬಿಟ್ಟ ಹೊತ್ತಿಗೆ ಹೆಣ್ಣುಮಕ್ಕಳಿಗೆ ಬಸ್ಸಿಲ್ಲ ಎಂದೆ. ಮೆಂಬರಾಗಿ ಮೂರು ವರ್ಷವಾದ ಮೇಲೆ ನನ್ನನ್ನು ಒಬ್ಬರು ಕೇಳಿದರು ಕಣ್ರೀ.

ಈ ಓಟಿನಲ್ಲಿ ಮುದ್ರೆ ಒತ್ತುವುದಿಲ್ಲ. ಯಾರು ಮೊದಲು, ಯಾರು ಆಮೇಲೆ ಎಂದು ಹೆಸರಿನ ಮುಂದೆ ಒಂದು, ಎರಡು, ಮೂರು ಬರೆಯಬೇಕು. ಭಾವ ಅದರಲ್ಲೇ ಗಾಳ ಹಾಕಿದರು. ಒಂದು ಎಲ್ಲರದೂ ಅವರ ಕ್ಯಾಂಡಿಡೇಟಿಗೆ. ಮಿಕ್ಕ ನಂಬರು ಒಬ್ಬೊಬ್ಬರಿಗೆ ಒಂದೊಂದು ಥರ. ನನ್ನದು ಚೀಟಿಯಲ್ಲಿರುವ ಕೊನೆಯ ಹೆಸರಿಗೆ ಎರಡು, ಮೊದಲ ಹೆಸರಿಗೆ ಮೂರು. ಎಣಿಸುವ ಕಡೆ ಕೂತ ಅವರ ಏಜೆಂಟಿಗೆ ಅಂಥ ಚೀಟಿ ಕಂಡರೆ ಅದು ನನ್ನದೆಂದು ಗೊತ್ತು, ಕಾಣದಿದ್ದರೆ ನಾನು ಕೈಕೊಟ್ಟೆನೆಂದು ಗೊತ್ತು. "ನಂಬರ್ ತಪ್ತು ಅಂದ್ರೆ ಈ ಮನೇಲಿ ಜಾಗ ಇಲ್ಲ ಕಣವ್ವ, ಸೋಸಲೆ ಬಸ್ ಅತ್ಬುಡು" ಅಂದರು. ನನ್ನ ತವರಿನ ಬಸ್ಸು. ಅತ್ತೆ ಅಲ್ಲೇ ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಭಯವೇ ಜಾಸ್ತಿ.

ನಿನ್ನೆ ಓಟಾಯಿತು. ಓಟಿನ ಅಧಿಕಾರಿಗಳು ಕೊಟ್ಟ ನೇರಳೆ ಪೆನ್ನು ಹಿಡಿದು ಮರೆಯಲ್ಲಿ ನಿಂತೆ. ಬರೆದು, ಮಡಿಸಿ, ಪೆಟ್ಟಿಗೆಗೆ ಹಾಕಿ ಬಂದೆ. ಹೊರಗೆ ಭಾವ ಕಣ್ಣಲ್ಲೇ ಕೇಳಿದರು. ನಾನು ಸೆರಗು ಸರಿಮಾಡಿಕೊಂಡೆ. ಏನು ಬರೆದೆ ಎಂದು ನಿಮಗೆ ಹೇಳಲೂ ಈಗ ಧೈರ್ಯ ಬರುತ್ತಿಲ್ಲ. ಎಣಿಕೆ ಗುರುವಾರ.

ಪವಿತ್ರ ನಿಮಗೆ ಮುತ್ತು ಕಳಿಸಿದ್ದಾಳೆ. ಗಡಿಯಲ್ಲಿ ನಿಮ್ಮನ್ನು ನಂಜುಂಡೇಶ್ವರ ಕಾಯಲಿ.

ಇಂತಿ ನಿಮ್ಮ,
ಮಂಗಳ

ವಿ.ಸೂ.: ಒಂದು ಬರೆದದ್ದು ಚೆಲುವಯ್ಯ ಮೇಷ್ಟ್ರಿಗೆ. ಎರಡು, ಮೂರು ಯಾರಿಗೂ ಬರೆಯಲಿಲ್ಲ. ಏಜೆಂಟಿನ ಬಾಯಿಂದ ತಿಳಿಯುವುದು ಬೇಡವೆಂದು ಈಗ ತಾನೇ ಭಾವನವರಿಗೆ ನಾನೇ ಹೇಳಿದೆ. ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಎದ್ದರು. ನಿಮ್ಮ ಯೂನಿಟ್ಟಿಗೆ ಫೋನು ಮಾಡುತ್ತೇನೆಂದು ಎಸ್‌ಟಿಡಿ ಬೂತಿಗೆ ಹೋಗಿದ್ದಾರೆ. ಈ ಕಾಗದ ನಿಮ್ಮ ಕೈಗೆ ಬರುವಷ್ಟರಲ್ಲಿ ನೀವು ಅವರಿಗೆ ಏನೋ ಒಂದು ಮಾತು ಹೇಳಿ ಆಗಿರುತ್ತದೆ. ಉತ್ತರವನ್ನು ಬಿಳಿಗೆರೆಗೆ ಬರೆಯಬೇಕೋ ಸೋಸಲೆಗೋ, ನಿಮಗೇ ಗೊತ್ತಿರುತ್ತದೆ.