ಭಾವನ ಸೊಟ್ಟ ಬುಟ್ಟಿ

ಅಕ್ಕಾ,

ವಿಮಾನ ಇಳಿದರೂ ತಲೆಸುತ್ತು ಇಳಿದಿಲ್ಲ, ಉಳಿದಂತೆ ಗಟ್ಟಿಯಾಗಿದ್ದೇನೆ. ಈ ವರ್ಷದ ಪ್ರದರ್ಶನಕ್ಕೆ ನನ್ನನ್ನು ಕರೆಸಿದ, ನಮ್ಮ ಸಂಘದ ಬುಟ್ಟಿಗಳನ್ನು ಮಾರುವ ಅಂಗಡಿ ನೋಡಿದೆ. ಬಡವರ ಕೈಕೆಲಸಕ್ಕೆ ನ್ಯಾಯವಾದ ಬೆಲೆ ಎಂದು ಬಾಗಿಲಗಲದ ಬೋರ್ಡು. ಒಳಗೆ ಗಾಜಿನ ಕಪಾಟಿನಲ್ಲಿ ದೀಪ ಹಾಕಿ ಮೆರೆಸಿರುವುದು ಯಾರ ಬುಟ್ಟಿ ಗೊತ್ತೇ? ನಿನ್ನ ಗಂಡನದು! ನೀನು ಜ್ವರದಲ್ಲಿ ಮಲಗಿದ್ದಾಗ ಭಾವ ಹೇಗೋ ಹೆಣೆದು ಮುಗಿಸಿದ್ದರಲ್ಲ, ಅದೇ ಸೊಟ್ಟ ಬಾಯಿಯದು. ನಿನ್ನವೆಲ್ಲ ಮೂಲೆಯಲ್ಲಿ ಬಿದ್ದಿವೆ. ಅಷ್ಟು ನೆಟ್ಟಗಿದ್ದರೆ ಯಂತ್ರದ್ದೆಂದು ಗಿರಾಕಿಗಳು ಮೂಗು ಮುರಿಯುತ್ತಾರಂತೆ. ನಮಗೆ ಕೆಲಸ ಬರಬಾರದು, ಆಗಲೇ ಇವರಿಗೆ ಕನಿಕರ!

ನನಗೆ ತಡೆಯಲಾಗಲಿಲ್ಲ. ಅಂಗಡಿಯವಳು ಊಟಕ್ಕೆ ಹೋದಾಗ ಆ ಬುಟ್ಟಿಯ ಅಂಚು ಬಿಚ್ಚಿ, ನೀನು ಕಲಿಸಿದಂತೆ ಬಿಗಿಯಾಗಿ ಕಟ್ಟಿಟ್ಟೆ. ಬಂದವಳು ನೋಡಿ ಎದೆ ಹಿಡಿದುಕೊಂಡಳು.

“ಮೊದಲಿದ್ದ ಹಾಗೇ ಮಾಡಿಕೊಡ್ತೀರಾ ಅಂತ ಕೇಳ್ತಿದಾರೆ,” ಎಂದ ನನ್ನ ಜೊತೆಗಿದ್ದ ದುಭಾಷಿ.

“ಸೊಟ್ಟ ಹೆಣೆಯೋಕೆ ನಂಗೆ ಬರಲ್ಲ ಕಣಪ್ಪ. ಅದಕ್ಕೆ ನಮ್ಮ ಭಾವನೇ ಬರ್ಬೇಕು,” ಎಂದೆ.

ಎಷ್ಟು ಬೈದರೂ ಒಂದು ಮಾತು ಹೇಳಬೇಕು: ಬಿದಿರು ಕೊಳ್ಳಲು ಮುಂಗಡ ಹಣವನ್ನು ಈ ಅಂಗಡಿಯವರು ಈ ಸಲವೂ ಮೊದಲೇ ಕಳಿಸುತ್ತಾರೆ. ಸಾಲಕ್ಕಾಗಿ ದಲ್ಲಾಳಿಯ ಮುಂದೆ ಹಲ್ಲು ಗಿಂಜಬೇಕಾಗಿಲ್ಲ.

ಬರೆಯುತ್ತಿರುವ ಈ ಅಂಚೆ ಕಾರ್ಡು ತುಂಬಿತು. ಅಂಗಡಿಯವಳು ನನ್ನ ಮಾತನ್ನು ನಿಜವೆಂದೇ ನಂಬಿ, ಮುಂದಿನ ವರ್ಷದ ಪ್ರದರ್ಶನಕ್ಕೆ ಭಾವನನ್ನೇ ಕರೆಸುತ್ತಾಳಂತೆ, ಹಿರಿಯ ಕುಶಲಕರ್ಮಿ ಎಂದು. ಅಲ್ಲಿಯವರೆಗೆ ಅವರಿಗೆ ಅಪ್ಪಿತಪ್ಪಿಯೂ ಹೆಣಿಗೆ ಕಲಿಸಬೇಡ.

ನಿನ್ನ ತಂಗಿ