ಇಲಿ ಬೀಳದ ಮನೆ

ಶ್ರೀ ಗುರುಬಸವಲಿಂಗಾಯ ನಮಃ

ಮದ್ದಗಿರಿ,
ಪ್ರಮಾದೀಚ ಸಂವತ್ಸರ, ಮಾಘ ಶುದ್ಧ ತದಿಗೆ, ಗುರುವಾರ
(1914ನೇ ಇಸವಿ ಜನವರಿ 29)

ಚಿ.                ಕಮಲಾಕ್ಷಿಗೆ,

ನಿನ್ನ ಅತ್ತೆ ದಾಕ್ಷಾಯಣಮ್ಮ ಮಾಡುವ ಆಶೀರ್ವಾದಗಳು. ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು ಎಂದು ಎಲ್ಲರೂ ಬರೆಯುತ್ತಾರೆ. ನಾನು ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಕೋಳಿಗೀರು ಅಕ್ಷರ ಯಾರದೆಂದು ನಿನಗೆ ಗಾಬರಿಯಾದೀತು. ನನ್ನದೇ. ಮೊರದಲ್ಲಿ ರಾಗಿ ಹಿಟ್ಟು ಹರಡಿ, ನನ್ನ ಬೆರಳು ಹಿಡಿದು ಅ ಆ ತಿದ್ದಿಸಿದವಳು ನೀನು. ನೀನು ಕೊರಟಗೆರೆಗೆ ಹೊರಟಾಗ ಒತ್ತಕ್ಷರ ಆಗ ತಾನೇ ಶುರುವಾಗಿತ್ತು. ಇನ್ನು, ಕಾಗದದ ತಲೆಯಲ್ಲಿ ‘ಚಿ.’ ಆದಮೇಲೆ ಜಾಗ ಬಿಟ್ಟಿದ್ದೇನಲ್ಲ, ಅದು ಮರೆವಿನಿಂದ ಬಿಟ್ಟದ್ದಲ್ಲ. ಅಲ್ಲಿ ‘ಸೌ.’ ಎಂದು ಬರೆಯಲು ಈಗ ರೂಢಿ ಬಿಡುವುದಿಲ್ಲ. ಬರೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ. ಖಾಲಿ ಇರಲಿ ಎಂದು ಬಿಟ್ಟೆ.

ತಡವಾದದ್ದಕ್ಕೆ ಬೈದರೆ ಬೈಸಿಕೊಳ್ಳುತ್ತೇನೆ. ನಿನ್ನ ಅಣ್ಣ ರೇಣುಕಯ್ಯನ ಕಾಗದ ಸಂಕ್ರಾಂತಿಗೆ ಮುಂಚೆಯೇ ಬಂತು. ತಾವರೆಕೆರೆಯ ಗಂಗಾಧರಯ್ಯನವರಿಗೆ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು, ಮಕ್ಕಳಿಲ್ಲ, ಕಮಲಾಕ್ಷಿಯನ್ನು ಸೀರುಡಿಕೆ ಮಾಡಿಕೊಳ್ಳಲು ಒಪ್ಪಿದ್ದಾರೆ, ನಿಮ್ಮ ಒಪ್ಪಿಗೆ ಬೇಕು ಎಂದು ಬರೆದಿದ್ದ. ಗಂಡ ಹೋದವಳಿಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ನಮ್ಮಲ್ಲಿ ಇಲ್ಲದ್ದೇನೂ ಅಲ್ಲ. ನಿನ್ನ ಮಾವನವರು ಅವತ್ತೇ ಒಪ್ಪಿಗೆ ಬರೆಯಲು ಕೂತರು. ಬೇಡ, ನಾನೇ ಬರೆಯುತ್ತೇನೆ ಎಂದು ಕಾಗದ ಕಿತ್ತುಕೊಂಡೆ. ರೇಣುಕಯ್ಯನ ಕಾಗದದ ಕೊನೆಯ ನಾಲ್ಕು ಸಾಲು ನನಗೆಂದೇ ಬರೆದದ್ದು.

ಗಂಗಾಧರಯ್ಯನವರ ತಾಯಿ ಒಪ್ಪುತ್ತಿಲ್ಲವಂತೆ. “ಇಲಿ ಬೀಳದ ಮನೆಗೆ ಪ್ಲೇಗು ಹೆಂಗೆ ಬಂತು? ಆ ಹುಡುಗಿ ಕಾಲ್ಗುಣದಿಂದ್ಲೇ ಬಂದಿದ್ದು ಅಂತ ಅವಳ ಅತ್ತೇನೇ ಅಂದವ್ಳೆ. ಅಲ್ಲ ಅಂತ ಅವಳತ್ತೆ ಬಾಯಿಂದ್ಲೇ ಬರ್ಲಿ, ಆಮ್ಯಾಕೆ ನೋಡಾನ” ಅಂದಳಂತೆ. ಆ ಮುದುಕಿಯ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನೋಡಿದರೆ ಅವಳು ಸುಳ್ಳೇನೂ ಹೇಳಿರಲಿಲ್ಲ. ಮಾತು ನನ್ನದೇ.

ಆ ವರ್ಷ ನಿನಗೆ ನೆನಪಿಲ್ಲದೆ ಏನು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸರ್ಕಾರಕ್ಕೆ ತಿಳಿಸಬೇಕು, ಅವತ್ತೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು ಎಂದು ತಮಟೆ ಹೊಡೆಸಿದ್ದರು. ನಮ್ಮ ಬೀದಿಯಲ್ಲಿ ಒಂದು ಇಲಿ ಬಿದ್ದ ಸುದ್ದಿಯೂ ಇರಲಿಲ್ಲ. ಮೊದಲು ಬಿದ್ದವನು ನನ್ನ ಮಗ ಶಂಕರಲಿಂಗ. ನೀನು ಮನೆಗೆ ಬಂದು ಎಂಟು ತಿಂಗಳಾಗಿತ್ತು. ಮಣ್ಣು ಮಾಡಿ ಬಂದ ಮೇಲೆ ನಾನು ಸಿಕ್ಕವರಿಗೆಲ್ಲ ಅದೇ ಹೇಳಿದೆ, ಹೇಳಿದ್ದನ್ನೇ ಹೇಳಿದೆ. ಅದು ಕೊರಟಗೆರೆ ದಾಟಿ ಸಿರಾ ಸೀಮೆಯ ತಾವರೆಕೆರೆಗೂ ಹೋಗಿ ಕೂತಿದೆ.

ಆ ಮುದುಕಿಗೆ ಬೇಕಾದ ಒಂದು ಸಾಲು ಬರೆಯಲು ನನಗೆ ಇಪ್ಪತ್ತು ದಿನ ಹಿಡಿಯಿತು. ಸೌದೆ ಒಲೆಗೆ ಇಟ್ಟು ಮರೆಯುತ್ತೇನೆ, ಸಾರಿಗೆ ಎರಡು ಸಲ ಉಪ್ಪು ಹಾಕುತ್ತೇನೆ. ಎಮ್ಮೆ ಹೆಣ್ಣು ಕರು ಹಾಕಿತು, ಅದರ ಸಂತೋಷವೂ ನೆಟ್ಟಗೆ ಆಗಲಿಲ್ಲ. ಕೊಟ್ಟಿಗೆ ಗುಡಿಸುವ ಹೊನ್ನಕ್ಕ, “ಏನ್ರವ್ವಾ, ಕಾಲಾಗೆ ಮುಳ್ಳು ಮುರ್ದಂಗೆ ಆಡ್ತೀರಲ್ಲ” ಅಂದಳು.

ಇಷ್ಟಕ್ಕೆಲ್ಲ ಕಾರಣ ಸುವಾರ್ತಮ್ಮ. ಅವಳ ವಿಷಯ ಹೇಳದೆ ಮುಂದೆ ಹೋಗಲಾರೆ.

ನೀನು ಹೋಗಿ ಎರಡು ವರ್ಷಕ್ಕೆ ಬಂದಳು. ಪಾವಗಡದ ಕಡೆಯ ಕ್ರೈಸ್ತರವಳು, ಗಂಡ ಇಲ್ಲ, ಮಿಷನ್ನಿನವರು ಕೊಟ್ಟ ಪುಸ್ತಕ ಚೀಲದಲ್ಲಿ ಹಾಕಿಕೊಂಡು ಮನೆ ಮನೆ ಸುತ್ತಿ ಹೆಂಗಸರಿಗೆ ಓದಿ ಹೇಳುತ್ತಾಳೆ. ಎರಡು ಸಲ ಬೈದು ಕಳಿಸಿದೆ. ಮೂರನೆಯ ಸಲ ಬಂದಾಗ ನಾನು ಜಗುಲಿಯ ಮೇಲೆ ಕೂತು ನಮ್ಮ ಅಂಗಡಿಯ ಮೂಟೆಯ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ನೀನು ಕಲಿಸಿದ್ದು ಮರೆತೀತೆಂದು ಸಿಕ್ಕದ್ದನ್ನೆಲ್ಲ ಹಾಗೆ ಓದುತ್ತಿದ್ದೆ. ಅವಳು ಪುಸ್ತಕ ಬಿಚ್ಚಿ ನನ್ನ ಮುಂದೆ ಇಟ್ಟಳು. ಅದು ಅವರ ಸತ್ಯವೇದ. ದಪ್ಪ ದಪ್ಪ ಅಕ್ಷರ. ನನಗೆ ಆಸೆ ತಡೆಯಲಿಲ್ಲ.

ಲಿಂಗ ಬಿಡು ಅಂತ ಒಂದು ಮಾತು ಬಂದರೂ ಜಗುಲಿ ಇಳಿಸುತ್ತೇನೆ ಅಂದೆ. ಓದುವುದಷ್ಟೇ ನನ್ನ ಕೆಲಸ ಎಂದಳು. ಅಂದಿನಿಂದ ಪ್ರತಿ ಗುರುವಾರ ಬರುತ್ತಾಳೆ. ನಾನು ಓದುತ್ತೇನೆ, ತಪ್ಪಿದರೆ ತಿದ್ದುತ್ತಾಳೆ.

ಕಮಲಾ, ಮೊದಲ ಸಲ ಒಂದು ಕಥೆಯನ್ನು ತುದಿ ಮುಟ್ಟ ನಾನೇ ಓದಿದ ದಿನ ನನಗಾದ ಆನಂದ ಯಾರಿಗೆ ಹೇಳಲಿ? ನೀನು ಇದ್ದಿದ್ದರೆ ಅಡುಗೆಮನೆಯಲ್ಲಿ ನಿನ್ನ ಕೈ ಹಿಡಿದು ಕುಣಿಯುತ್ತಿದ್ದೆ. ಅದು ಬಾವಿಯ ಕಥೆ. ಏಸುಸ್ವಾಮಿ ಬಿಸಿಲಲ್ಲಿ ನಡೆದು ಬಳಲಿ ಬಾವಿಕಟ್ಟೆಯ ಮೇಲೆ ಕೂತಿದ್ದಾಗ, ಅವನ ಜನ ಯಾರ ಕೈಯ ನೀರು ಮುಟ್ಟುವುದಿಲ್ಲವೋ ಅಂಥವಳೊಬ್ಬಳು ನೀರಿಗೆ ಬಂದಳು. ಕುಡಿಯಲು ಕೊಡಮ್ಮ ಎಂದು ಅವಳನ್ನೇ ಕೇಳಿದ. ಅವಳು ಬದುಕಿನಲ್ಲಿ ಏನೇನು ಮಾಡಿದ್ದಳೋ ಎಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ಹೋಗಲಿಲ್ಲ. ಹಾಗೆ ಎಲ್ಲ ಗೊತ್ತಿರುವವರು ಒಬ್ಬರು ಎದುರಿಗೆ ಕೂತರೆ ಎಷ್ಟು ಹಗುರವಾಗಿರಬಹುದು ಅನ್ನಿಸಿ ನನಗೆ ಅಳು ಬಂತು. ಅಲ್ಲಿಯವರೆಗೆ ಸುವಾರ್ತಮ್ಮನ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದವಳು, ಅವತ್ತು ಚೊಂಬನ್ನೇ ಕೈಗೆ ಕೊಟ್ಟೆ. ನಿನ್ನ ಮಾವನವರು ನೋಡಿ ಮುಖ ಊದಿಸಿಕೊಂಡರು. ಆ ಚೊಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ನಮ್ಮ ಪಾತ್ರೆಗಳ ಸಾಲಿನಲ್ಲೇ ಇಟ್ಟೆ.

ಊರು ಸುಮ್ಮನಿರುತ್ತದೆಯೇ? ನಮ್ಮ ಗುರುಗಳು ಅಡವಯ್ಯನವರು ಬಂದಾಗ ಯಾರೋ ಕಿವಿಯೂದಿದ್ದರು. ಏನಮ್ಮ ಇದು ಅಂದರು. “ಓದ್ತೀನಿ ಬುದ್ಧಿ. ಲಿಂಗ ಎದೆ ಮ್ಯಾಲೇ ಐತೆ” ಎಂದು ಕೊರಳಲ್ಲಿದ್ದ ಲಿಂಗದ ಕರಡಿಗೆ ತೋರಿಸಿದೆ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಮೊದಲು ಬಾಯಿ ಮಂತ್ರ ಹೇಳುತ್ತಿತ್ತು, ಕಿವಿ ಹಾಲು ಉಕ್ಕಿತೇ ಎಂದು ಕೇಳುತ್ತಿತ್ತು. ಈಗ ಶಿವನ ಎದುರಿಗೆ ಕೂತಿದ್ದೇನೆ ಅಂತ ಭಯವೂ ಆಗುತ್ತದೆ, ಸಂತೋಷವೂ ಆಗುತ್ತದೆ. ಅವರಿಗೆ ಅದನ್ನು ವಿವರಿಸಲು ನನಗೆ ಬರಲಿಲ್ಲ. ವಿಭೂತಿ ಕೊಟ್ಟು ಹೋದರು.

ಶುಕ್ರವಾರ

ನಿನ್ನೆ ಅಲ್ಲಿಗೆ ನಿಲ್ಲಿಸಿ ಎದ್ದೆ. ಹಿತ್ತಲಿಗೆ ಹೋದೆ, ಬಂದೆ, ಅಟ್ಟ ಹತ್ತಿದೆ, ಯಾಕೆ ಹತ್ತಿದೆ ಎಂದು ಮರೆತು ಇಳಿದೆ. ಈಗ ಬರೆಯಬೇಕಾದ್ದು ಬರೆಯಲು ಬೆರಳುಗಳು ಮೊಂಡು ಹಿಡಿದಿವೆ.

ರೇಣುಕಯ್ಯನ ಕಾಗದ ಬಂದ ವಾರವೇ ಸುವಾರ್ತಮ್ಮ ಒಂದು ಅತ್ತೆ ಸೊಸೆಯರ ಕಥೆ ತೆಗೆದಳು. ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ, ಅತ್ತೆ ಸೊಸೆ ಅಂತಲೇ ಬರೆಯುತ್ತೇನೆ. ಅತ್ತೆಯ ಗಂಡ ಸತ್ತ, ಮಕ್ಕಳೂ ಸತ್ತರು. ನೀನು ತವರಿಗೆ ಹೋಗಮ್ಮ, ಇನ್ನೊಂದು ಮನೆ ತುಂಬು ಎಂದು ಅತ್ತೆ ಸೊಸೆಗೆ ಹೇಳುತ್ತಾಳೆ. ಸೊಸೆ ಹೋಗುವುದಿಲ್ಲ. ನೀವು ಇರುವಲ್ಲಿ ನಾನಿರುತ್ತೇನೆ, ನೀವು ಸಾಯುವಲ್ಲಿ ಸಾಯುತ್ತೇನೆ ಎಂದು ಅವಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

ಅಲ್ಲಿಗೆ ಪುಸ್ತಕ ಮುಚ್ಚಿದೆ. ಮುಂದೆ ಓದಿ ಎಂದಳು ಸುವಾರ್ತಮ್ಮ. ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಗಾಡಿ ಬಾಗಿಲಿಗೆ ಬಂದು ನಿಂತಿತ್ತು ಕಮಲಾ. ನೀನು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. “ನಾನು ಹೋಗಲ್ಲ ಅತ್ತೆ. ಮೂಲೇಲಿ ಬಿದ್ದಿರ್ತೀನಿ, ನಿಮ್ಮ ಕಣ್ಣಿಗೆ ಬೀಳಲ್ಲ” ಅಂದೆ. ನಾನು ಅಂದದ್ದು ನಿನಗೆ ಗೊತ್ತು. ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ನನಗೆ ಅಕ್ಷರ ತಿದ್ದಿಸಿದ ಬೆರಳುಗಳವು. ಆ ಪುಸ್ತಕದ ಅತ್ತೆ ಕಳಿಸಲು ಹೋಗಿ ಸೋತಳು, ನಾನು ಗೆದ್ದೆ.

ಮುಂದಿನ ಗುರುವಾರ ಕಥೆ ಬೇಡ, ಹಾಡು ಓದೋಣ ಅಂದೆ. ಅದರಲ್ಲಿ ದೇವರ ಜೊತೆ ಜಗಳವಾಡುವ ಹಾಡುಗಳಿವೆ, ನನಗೆ ಅವೆಂದರೆ ಇಷ್ಟ. ನನ್ನ ಗ್ರಹಚಾರ, ಬಿಚ್ಚಿದ ಕಡೆ ಇನ್ನೊಂದು ಕಾದಿತ್ತು. ಒಬ್ಬನು ತನ್ನ ತಪ್ಪು ಮುಚ್ಚಿಟ್ಟುಕೊಂಡು ಸುಮ್ಮನಿದ್ದಷ್ಟು ದಿನವೂ ಅವನ ಮೂಳೆಗಳೇ ಸವೆದವಂತೆ. ಅವನು ಏನು ಮಾಡಿದ ಎಂದು ಕೇಳಿದೆ.

“ಬಾಯಿ ಬಿಟ್ಟು ಹೇಳ್ಬುಟ್ಟ ಅಮ್ಮಾವ್ರೇ. ಹಗುರ ಆತು.”

“ಯಾರಿಗೆ ಹೇಳ್ದ?”

“ದೇವ್ರಿಗೆ.”

“ದೇವ್ರಿಗೆ ಮೊದ್ಲೇ ಗೊತ್ತಿರ್ತದೆ ಕಣಮ್ಮ. ತಪ್ಪು ಮಾಡಿದ್ದು ಮನುಷ್ಯರಿಗೆ ಆದ್ರೆ?”

ಅವಳು ಚೊಂಬಿನ ನೀರು ಕುಡಿದು ಕೆಳಗಿಟ್ಟಳು. “ಅವ್ರಿಗೂ ಹೇಳ್ಬೇಕು ಅಮ್ಮಾವ್ರೇ. ನಂಗೆ ಬೇರೆ ದಾರಿ ಗೊತ್ತಿಲ್ಲ” ಅಂದಳು. ಏನು ತಪ್ಪು ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಬೈದು ಜಗುಲಿ ಇಳಿಸುತ್ತಿದ್ದೆನೋ ಏನೋ. ಓದು ಮನಸ್ಸಿಗೆ ಶಾಂತಿ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸು.

ಶನಿವಾರ

ನಮ್ಮ ಮನೆಯ ಪೂರ್ಣ ಒಪ್ಪಿಗೆ ಇದೆ. ಹೊನ್ನಕ್ಕನ ಅಣ್ಣ ಕಾಟಪ್ಪ ಸೋಮವಾರ ಕೊರಟಗೆರೆಗೆ ಗಾಡಿ ಹೊಡೆಯುತ್ತಾನೆ. ಅವನ ಕೈಯಲ್ಲಿ ಈ ಕಾಗದ ಮತ್ತು ಒಂದು ಸೀರೆ ಕಳಿಸುತ್ತಿದ್ದೇನೆ. ಮೊಳಕಾಲ್ಮೂರಿನದು, ಹಸಿರು ಒಡಲು, ಕೆಂಪು ಅಂಚು. ನಿನ್ನ ಮೊದಲ ಗೌರಿಹಬ್ಬಕ್ಕೆಂದು ತಂದು ಪೆಟ್ಟಿಗೆಯಲ್ಲಿಟ್ಟಿದ್ದೆ, ಉಡಿಸಲು ಆಗಲಿಲ್ಲ. ಆ ಕಥೆಯನ್ನು ಸ್ವಲ್ಪ ಮುಂದಕ್ಕೆ ಓದಿದೆ. ಅತ್ತೆಯೇ ಸೊಸೆಗೆ ಮಿಂದು ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೋಗು ಎನ್ನುತ್ತಾಳೆ, ಅವಳಿಗೊಂದು ಮನೆಯಾಗಲಿ ಎಂದು. ಗಂಗಾಧರಯ್ಯನವರು ಕೊಡುವ ಸೀರೆ ಉಟ್ಟು ಮನೆ ತುಂಬು. ಮಾರನೆಯ ದಿನ ನನ್ನದನ್ನು ಉಡು.

ಶಿವ ನಿನ್ನನ್ನು ಚೆನ್ನಾಗಿ ಇಡಲಿ. ಮಡಿಲು ತುಂಬಲಿ. ನಾನು ಖಾಲಿ ಬಿಟ್ಟ ಜಾಗ ತುಂಬಲಿ.

ಇಂತಿ ನಿನ್ನ ಅತ್ತೆ,
ದಾಕ್ಷಾಯಣಮ್ಮ

ಮರೆತ ಮಾತು: ಮರೆತಿರಲಿಲ್ಲ, ಮೂರು ದಿನದಿಂದ ಇದರ ಸುತ್ತಲೇ ತಿರುಗುತ್ತಿದ್ದೇನೆ.

ಇಲಿ ಬಿದ್ದಿತ್ತು ಕಮಲಾ. ಕಣಜದ ಕೋಣೆಯಲ್ಲಿ, ರಾಗಿ ಮೂಟೆಗಳ ಹಿಂದೆ. ಮಾರನೆಯ ದಿನ ಅಡವಯ್ಯನವರೂ ಅವರ ಜೊತೆಯ ಹನ್ನೊಂದು ಜನ ಜಂಗಮರೂ ನಮ್ಮ ಮನೆಗೆ ಪ್ರಸಾದಕ್ಕೆ ಬರುವವರಿದ್ದರು. ಹೋಳಿಗೆಗೆ ಬೇಳೆ ನೆನೆ ಹಾಕಿದ್ದೆ. ಇಲಿ ಬಿತ್ತು ಎಂದರೆ ಮನೆಗೆ ಬೀಗ, ಬಂದ ಗುರುಗಳು ಉಣ್ಣದೆ ವಾಪಸು. ಎರಡು ದಿನ ತಾನೆ, ಅವರು ಉಂಡು ಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಇಕ್ಕಳದಲ್ಲಿ ಹಿಡಿದು ಹರಕು ಮೊರಕ್ಕೆ ಹಾಕಿ ತಿಪ್ಪೆಯಲ್ಲಿ ಹೂತೆ. ಕೋಣೆಯಲ್ಲಿ ಏನೋ ವಾಸನೆ ಅತ್ತೆ ಎಂದು ನೀನು ಅಂದೆ. ತವರಿನಲ್ಲಿ ಬಹಳ ಘಮಘಮವಿತ್ತೋ ಎಂದು ನಾನು ಮೂದಲಿಸಿದೆ.

ಬಂದವರಿಗೆ ನಡುಮನೆ ಬೇಕಾಯಿತು. ಎರಡು ರಾತ್ರಿಯ ಮಟ್ಟಿಗೆ ಎಂದು ಶಂಕರಲಿಂಗನ ಹಾಸಿಗೆಯನ್ನು ಕಣಜದ ಕೋಣೆಗೆ ಹಾಕಿದೆ. ನಾನೇ ಹಾಕಿದೆ, ನೀನಲ್ಲ. ಗುರುಗಳು ಉಂಡು ಹೋದ ಮೇಲೂ ಬಾಯಿ ಬಿಡಲಿಲ್ಲ. ಐದನೆಯ ದಿನ ಮಗನ ಕಂಕುಳಲ್ಲಿ ಗಡ್ಡೆ ಎದ್ದಿತು. ನಮ್ಮ ಬೀದಿಯ ಇನ್ನೂ ನಾಲ್ಕು ಮನೆಗಳಲ್ಲಿ ಹೆಣ ಬಿದ್ದವು. ಹೇಳಿಬಿಟ್ಟಿದ್ದರೆ ಅವರೂ ಬೀದಿ ಬಿಟ್ಟು ಬದುಕುತ್ತಿದ್ದರು. ನನ್ನ ಕಡೆ ಯಾರೂ ನೋಡದಿರಲಿ ಎಂದು ನಿನ್ನ ಕಡೆ ಬೆರಳು ತೋರಿಸಿದೆ.

ಇವತ್ತು ಬೆಳಿಗ್ಗೆ ನಿನ್ನ ಮಾವನವರಿಗೆ ಹೇಳಿದೆ. ಮುಂದಿಟ್ಟ ಗಂಗಾಳ ಸರಿಸಿ ಎದ್ದು ಅಂಗಡಿಗೆ ಹೋದರು. ಮಧ್ಯಾಹ್ನ ಬಂದು, ನನ್ನ ಮುಖ ನೋಡದೆ, ಒಂದು ಲಕೋಟೆ ತಂದು ಪಕ್ಕದಲ್ಲಿಟ್ಟರು. ಇನ್ನೂ ಮಾತಾಡಿಲ್ಲ. ನೀನೂ ಮಾತಾಡದಿದ್ದರೆ ಅದು ನ್ಯಾಯವೇ.

ಈ ಕಾಗದ ತೆಗೆದುಕೊಂಡು ಅಣ್ಣನ ಜೊತೆ ತಾವರೆಕೆರೆಗೆ ಹೋಗು. ಆ ಮುದುಕಿ ನನ್ನ ಬಾಯಿಂದ ಕೇಳಬೇಕು ಅಂದಳಲ್ಲ, ನನ್ನ ಬಾಯಿ ಇದೇ. ಅವಳನ್ನು ಜಗುಲಿಯ ಮೇಲೆ ಕೂರಿಸಿ, ಅಕ್ಕಪಕ್ಕದ ಹೆಂಗಸರು ಇದ್ದರೆ ಇರಲಿ, ಮೊದಲಿನಿಂದ ಗಟ್ಟಿಯಾಗಿ ಓದು. ಹಾಸಿಗೆಯ ಮಾತು ಬಂದಾಗ ಓದಲಾಗದಿದ್ದರೆ ರೇಣುಕಯ್ಯನ ಕೈಗೆ ಕೊಡು. ಸಾಕು ನಿಲ್ಲಿಸು ಎಂದು ಅವಳೇ ಅಂದರೂ ನಿಲ್ಲಿಸಬೇಡ.